ಕುಸಿದದ್ದು ಕಾಂಕ್ರೀಟಲ್ಲ ಸ್ವಾಮಿ, ಅದರ ಅಡಿಯ ಮಣ್ಣು!

ಅವಳಿ ನಗರದಲ್ಲಿ ಮಳೆ ಹಿಂದಾಗಿ ದೀಪಾವಳಿಯ ಸುಣ್ಣಬಣ್ಣ ಶುರುವಾಯಿತೆಂದರೆ ಗೌಂಡಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಗೋಡೆಗೆ ಗಿಲಾವು ಮಾಡಲು ಬಂದವನನ್ನು ಮನೆಯವರು ಅಂಗಳಕ್ಕೆ ಕರೆದು ತೋರಿಸುತ್ತಾರೆ: "ಇಲ್ಲೊಂದೀಟ ನೋಡ್ರಿ, ಕಾಂಕ್ರೀಟ ಕುಂತಬಿಟ್ಟೈತಿ. ಎರಡ ಬುಟ್ಟಿ ಸಿಮೆಂಟ ಹಾಕಿ ಸಪಾಟ ಮಾಡಿಕೊಟ್ಟ ಹೋಗ್ರಿ." ಗೌಂಡಿ ಹ್ಞೂಂ ಅನ್ನುತ್ತಾನೆ. ಬುಟ್ಟಿ ಹಾಕುತ್ತಾನೆ, ಕರಣಿ ಎಳೆಯುತ್ತಾನೆ, ಕೂಲಿ ತೆಗೆದುಕೊಂಡು ಹೋಗುತ್ತಾನೆ. ಮುಂದಿನ ವರ್ಷ ಅದೇ ಅಂಗಳ, ಅದೇ ಗೌಂಡಿ, ಆದರೆ ಬುಟ್ಟಿ ಮಾತ್ರ ಮೂರು.

ರಸ್ತೆಯ ಗುಂಡಿಗಳ ಮೇಲೆ ಪತ್ರಿಕೆಗಳು ಬರೆದದ್ದಕ್ಕೆ ಲೆಕ್ಕವಿಲ್ಲ. ಇದು ನಮ್ಮ ನಿಮ್ಮ ಕಂಪೌಂಡಿನ ಒಳಗಿನ ಗುಂಡಿಯ ವಿಚಾರ. ಇಲ್ಲಿ ಪಾಲಿಕೆಗೆ ಬೈಯುವ ಹಾಗಿಲ್ಲ. (ಬೈಯುವ ಪ್ರಸಂಗವೂ ಉಂಟು, ಅದು ಕೊನೆಗೆ.) ಗೇಟಿನಿಂದ ಬಾಗಿಲವರೆಗಿನ ದಾರಿ, ಸ್ಕೂಟರ್ ನಿಲ್ಲಿಸುವ ಜಾಗ, ಹಿತ್ತಲಿನ ಬಟ್ಟೆ ಒಗೆಯುವ ಕಟ್ಟೆ, ಅಂಗಡಿಯ ಮುಂದಿನ ಹಾಸು, ಇವೆಲ್ಲ ನಾಲ್ಕು ಇಂಚು ಕಾಂಕ್ರೀಟಿನ ಚೂರುಗಳು. ಹಾಕಿದ ಎರಡು ಮೂರು ಮಳೆಗಾಲದಲ್ಲೇ ಒಂದು ಮೂಲೆ ತಗ್ಗುತ್ತದೆ, ನೀರು ನಿಲ್ಲುತ್ತದೆ, ಸೀಳು ಬಿಡುತ್ತದೆ.

"ಅಂಗಳಾನ ಹೌದಲ್ರಿ, ಮನಿ ಏನ ಬಿದ್ದಿಲ್ಲಲ್ಲ?" ಎನ್ನುವವರಿದ್ದಾರೆ. ಗೋಕುಲ ರೋಡಿನ ಆಚೆಯ ಹೊಸ ಬಡಾವಣೆಯ ಒಂದು ಮನೆಯ ಕತೆ ಕೇಳಿ. ಮನೆಯ ಯಜಮಾನರು ನಿವೃತ್ತ ನೌಕರರು. ಪಿಂಚಣಿ ದುಡ್ಡಿನಲ್ಲಿ ಕಟ್ಟಿದ ಮನೆ. ಗೋಡೆಯ ಬದಿಯ ಕಾಂಕ್ರೀಟು ತಗ್ಗಿತು. ಮೂರು ಸಲ ಮೇಲೆ ಸಿಮೆಂಟು ಬಳಿಸಿದರು. ಮೂರನೆಯ ಮಳೆಗೆ ಮಾಳಿಗೆಯ ನೀರೆಲ್ಲ ಗೇಟಿನ ಕಡೆ ಹರಿಯುವುದನ್ನು ಬಿಟ್ಟು ಗೋಡೆಯ ಕಡೆಗೇ ಹರಿಯತೊಡಗಿತು. ಒಳಗೆ ಪಡಸಾಲೆಯ ಗೋಡೆಗೆ ಮೊಳಕಾಲೆತ್ತರ ತಂಪು ಏರಿತು, ಬಣ್ಣ ಹೆಪ್ಪಳಿಕೆ ಎದ್ದಿತು, ಕಿಟಕಿಯ ಕೆಳಗೆ ಓರೆಯಾಗಿ ಸೀಳು ಬಿಟ್ಟಿತು. ಇದರ ನಡುವೆ ಮನೆಯ ಅಜ್ಜಿ ನಸುಕಿನಲ್ಲಿ ರಂಗೋಲಿ ಹಾಕಲು ಹೊರಗೆ ಬಂದವರು ಆ ಒಂದು ಇಂಚಿನ ಏಣಿಗೆ ಕಾಲು ತಾಗಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಅಂಗಳ ರಿಪೇರಿಯ ಖರ್ಚು ಯಾವ ಲೆಕ್ಕ, ಆಸ್ಪತ್ರೆಯ ಖರ್ಚು ಯಾವ ಲೆಕ್ಕ!

ಮನೆಯ ಸುತ್ತಿನ ಕಾಂಕ್ರೀಟು ಬುನಾದಿಗೆ ಹಿಡಿದ ಛತ್ರಿ ಇದ್ದ ಹಾಗೆ. ಹೊರಗಡೆಗೆ ಇಳಿಜಾರು ಇದ್ದಷ್ಟು ಕಾಲ ಅದು ಛತ್ರಿ. ಒಳಗಡೆಗೆ ವಾಲಿದ ದಿನ ಅದೇ ಲಾಳಿಕೆಯಾಗಿ, ಬಿದ್ದ ನೀರನ್ನೆಲ್ಲ ಬುನಾದಿಗೆ ಸುರಿಯುತ್ತದೆ.

ಎರಡು ಬುಟ್ಟಿಯ ಲೆಕ್ಕ

ಮೇಲೆ ಬಳಿದರೆ ಏನು ತಪ್ಪು ಎಂದು ಕೇಳುವವರು ಈ ಲೆಕ್ಕ ನೋಡಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಅಂಗಳದ ಮೇಲೆ ಒಂದೇ ಒಂದು ಇಂಚು ಸಿಮೆಂಟು-ಉಸುಕಿನ ಗಾರೆ ಹಾಕಿದಿರೆನ್ನಿ. ಅದರ ತೂಕ ಸುಮಾರು 500 ಕಿಲೋ. ಅಂದರೆ ಐದು ಕ್ವಿಂಟಾಲು. ಮೊದಲೇ ಭಾರ ತಡೆಯಲಾರದೆ ಕುಳಿತ ಮಣ್ಣಿನ ಮೇಲೆ ಇನ್ನೈದು ಚೀಲ ಜೋಳ ಹೇರಿಟ್ಟಂತೆ! ಸಾಲದ್ದಕ್ಕೆ ಹಳೆಯ ಕಾಂಕ್ರೀಟಿಗೂ ಹೊಸ ಗಾರೆಗೂ ಹೊಂದಾಣಿಕೆ ಇಲ್ಲ. ತೆಳ್ಳಗಿನ ಪದರ ಬಿಸಿಲಿಗೆ ಬಿಟ್ಟುಕೊಂಡು ಹಪ್ಪಳದ ಹಾಗೆ ಎದ್ದು ಬರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಕೆಲಸ.

ಕಾಂಕ್ರೀಟು ತಾನಾಗಿ ಕುಸಿಯುವ ವಸ್ತುವಲ್ಲ. ಅದು ಕಲ್ಲು. ಅಡಿಯಲ್ಲಿ ಮಣ್ಣು ಇರುವ ತನಕ ಕುಳಿತಿರುತ್ತದೆ, ಮಣ್ಣು ಸರಿದರೆ ಸೇತುವೆಯ ಹಾಗೆ ಕೆಲ ದಿನ ನಿಂತು, ಆಮೇಲೆ ಮುರಿದು ಬೀಳುತ್ತದೆ. ಹಾಗಾದರೆ ಮಣ್ಣು ಎಲ್ಲಿಗೆ ಹೋಯಿತು? ಕೇಳಬೇಕಾದ ಪ್ರಶ್ನೆ ಇದೊಂದೇ. ಗೌಂಡಿಯೂ ಕೇಳುವುದಿಲ್ಲ, ಯಜಮಾನರೂ ಕೇಳುವುದಿಲ್ಲ.

ನಮ್ಮ ಎರೆಯ ಗುಣ

ಧಾರವಾಡದ ಪಶ್ಚಿಮಕ್ಕೆ ಹೋದರೆ ಕೆಮ್ಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ನರಗುಂದದ ಕಡೆ ಮುಖ ಮಾಡಿದರೆ ಕಪ್ಪು ಎರೆ. ಹತ್ತಿಗೆ, ಜೋಳಕ್ಕೆ, ಕಡಲೆಗೆ ಬಂಗಾರದಂಥ ಭೂಮಿ. ಮನೆ ಕಟ್ಟುವವನಿಗೆ ಮಾತ್ರ ಶನಿ. ಈ ಮಣ್ಣಿನೊಳಗೆ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಇರುತ್ತದೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಎರೆ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವುದನ್ನು ನೀವು ಬಸ್ಸಿನ ಕಿಟಕಿಯಿಂದಲೇ ನೋಡಿದ್ದೀರಿ. ಅದೇ ಬಿರುಕು ನಿಮ್ಮ ಕಾಂಕ್ರೀಟಿನ ಅಡಿಯಲ್ಲೂ ಬಿಡುತ್ತದೆ, ಕಾಣಿಸುವುದಿಲ್ಲ ಅಷ್ಟೆ.

ಇಲ್ಲೊಂದು ತಮಾಷೆ ಇದೆ. ಕುಸಿಯಿತು ಎಂದು ನಾವು ಬಾಯಿ ಬಡಿದುಕೊಳ್ಳುವ ಅಂಗಳ ಎಷ್ಟೋ ಸಲ ಕುಸಿದೇ ಇರುವುದಿಲ್ಲ. ಪಕ್ಕದ ಭಾಗ ಮಳೆನೀರು ಕುಡಿದು ಮೇಲೆದ್ದಿರುತ್ತದೆ! ಅಂಥ ಕಡೆ 'ತಗ್ಗು' ತುಂಬಿಸಿದರೆ ಬೇಸಿಗೆಯಲ್ಲಿ ಎದ್ದದ್ದು ಇಳಿದು, ತುಂಬಿಸಿದ್ದು ಗುಡ್ಡವಾಗಿ ಕೂತಿರುತ್ತದೆ. ಆದ್ದರಿಂದ ಗೌಂಡಿಗಳ ಬಳಿ ಇರುವ ನೀರಿನ ಟ್ಯೂಬ್ ಲೆವೆಲ್ಲಿನಿಂದ ಒಮ್ಮೆ ಮೇ ತಿಂಗಳಲ್ಲಿ, ಒಮ್ಮೆ ಮಳೆ ಮುಗಿಯುವಾಗ ಮಟ್ಟ ನೋಡಿ ಗೋಡೆಯ ಮೇಲೆ ಗೆರೆ ಎಳೆದಿಟ್ಟುಕೊಳ್ಳುವುದು ಒಳ್ಳೆಯದು. ಸೀಳಿನ ಎರಡೂ ಬದಿ ಒಂದೇ ಮಟ್ಟದಲ್ಲಿದ್ದರೆ ಅದು ಕಾಂಕ್ರೀಟು ಒಣಗುವಾಗ ಬಿಟ್ಟ ಸೀಳು, ಗಾಬರಿ ಬೇಡ. ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಇದ್ದರೆ ಅಡಿಯಲ್ಲಿ ಏನೋ ನಡೆದಿದೆ.

ಎರೆಯ ಈ ಕಾಟ ನಮ್ಮ ಅಂಗಳಕ್ಕಷ್ಟೇ ಅಲ್ಲ, ಸರಕಾರದ ಕಾಲುವೆಗೂ ತಟ್ಟಿದೆ. ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭಾ ಬಲದಂಡೆ ಕಾಲುವೆ ಎರೆಯಲ್ಲಿ ಹಾದುಹೋಗುವ ಕಡೆ ಒಳಗಿನ ಹಾಸು ಉಬ್ಬಿ ಒಡೆಯುವ ತೊಂದರೆ ಬಂತು. 1970ರ ದಶಕದಲ್ಲಿ ಮುಂಬೈ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಈ ಮಣ್ಣಿನ ಹಿಂದೆ ಬಿದ್ದು ಒಂದು ಉಪಾಯ ಹೇಳಿದರು. ಎರೆಯ ಮೇಲೆ ಉಬ್ಬದ, ಆದರೆ ಒಳ್ಳೆಯ ಅಂಟು ಇರುವ ಮಣ್ಣಿನ ದಪ್ಪ ಪದರ ಹಾಕಿ ಗಟ್ಟಿ ಮಾಡಿ, ಅದರ ಮೇಲೆ ಹಾಸು ಹಾಕಿ ಎಂದು. ಕಾಲುವೆಗೆ ಮೀಟರುಗಟ್ಟಲೆ ಪದರ ಬೇಕಾಗುತ್ತದೆ. ನಮ್ಮ ಅಂಗಳಕ್ಕೆ ಅಷ್ಟು ಬೇಡ, ಆದರೆ ಸೂತ್ರ ಅದೇ. ಕಾಂಕ್ರೀಟಿಗೂ ಎರೆಗೂ ನಡುವೆ ಗರಸು ಇರಬೇಕು. ನಮ್ಮ ಅಜ್ಜಂದಿರು ಐಐಟಿ ಕಂಡವರಲ್ಲ, ಆದರೂ ಬಂಡಿಗಟ್ಟಲೆ ಗರಸು ತಂದು ಅಂಗಳಕ್ಕೆ ಹೊಡೆಯುತ್ತಿದ್ದರು.

ಬುನಾದಿ ಬದಿಯ ಕಸ

ಎರೆ ಇಲ್ಲದ ಕಡೆಯೂ ಅಂಗಳ ಕುಸಿಯುತ್ತದೆ. ಅದರ ಮೂಲ ಮನೆ ಕಟ್ಟುವಾಗಿನ ಅವಸರದಲ್ಲಿರುತ್ತದೆ. ಬುನಾದಿಗೆ ಗೋಡೆಗಿಂತ ಅಗಲವಾಗಿ ತೋಡುತ್ತಾರೆ. ಗೋಡೆ ಎದ್ದ ಮೇಲೆ ಪಕ್ಕದಲ್ಲಿ ಉಳಿದ ಸಂದಿಯನ್ನು ತುಂಬಬೇಕು. ಯಾತರಿಂದ ತುಂಬುತ್ತಾರೆ? ಒಡೆದ ಇಟ್ಟಿಗೆ, ಸಿಮೆಂಟಿನ ಖಾಲಿ ಚೀಲ, ಸೆಂಟ್ರಿಂಗಿನ ಕಟ್ಟಿಗೆ ತುಂಡು, ಊಟ ಮಾಡಿದ ಎಲೆ, ಮೇಲಿಷ್ಟು ಸಡಿಲು ಮಣ್ಣು. ನೀರಿಲ್ಲ, ದಿಮ್ಮಸು ಇಲ್ಲ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಅದರ ಮೇಲೆಯೇ ಕಾಂಕ್ರೀಟು. ಒಂದೆರಡು ಮಳೆಗೆ ಮಣ್ಣು ಇಳಿಯುತ್ತದೆ, ಕಟ್ಟಿಗೆ ಕೊಳೆಯುತ್ತದೆ, ಕಾಗದ ಕರಗುತ್ತದೆ. ಗೋಡೆಯ ಗುಂಟ ಎರಡು ಮೂರು ಅಡಿ ಅಗಲದ ಪಟ್ಟಿ ಮಾತ್ರ ಕುಳಿತಿದ್ದರೆ ನೂರಕ್ಕೆ ತೊಂಬತ್ತು ಪಾಲು ಇದೇ ಕಾರಣ ಎಂದು ಹಳೆಯ ಗೌಂಡಿಗಳು ಕಣ್ಣು ಮುಚ್ಚಿ ಹೇಳುತ್ತಾರೆ.

ಇನ್ನು ಹೆಗ್ಗಣ. ನಗಬೇಡಿ. ಗಟಾರದಿಂದ ಅಂಗಳದ ಅಡಿಗೆ ಬಿಲ ತೋಡಿ, ಮಣ್ಣನ್ನೆಲ್ಲ ಹೊರಗೆ ಗುಡ್ಡೆ ಹಾಕುವ ಹೆಗ್ಗಣದ ಸಂಸಾರ ಒಂದು ಸ್ಕೂಟರ್ ನಿಲ್ಲಿಸುವ ಜಾಗವನ್ನು ಪೊಳ್ಳು ಮಾಡಲು ಹೆಚ್ಚು ದಿನ ಬೇಡ. ದುರ್ಗದಬೈಲಿನಂಥ ಹಳೆಯ ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಲಕ್ಕೆ ನೀರು ಇಳಿದರೆ ಉಳಿದ ಮಣ್ಣೂ ಹೊರಟುಹೋಗುತ್ತದೆ.

ಹಳ್ಳಿಗಳಲ್ಲಿ, ಹಳೆಯ ವಾಡೆಗಳಲ್ಲಿ ಇರುವವರಿಗೆ ಒಂದು ಎಚ್ಚರಿಕೆ. ಅಂಗಳ ದುಂಡಗೆ, ಬಾವಿಯ ಬಾಯಿಯಂತೆ ತಗ್ಗಿದ್ದರೆ ಅದರ ಮೇಲೆ ನಿಂತು ಹಾರೆ ಹಾಕಬೇಡಿ. ನಮ್ಮ ಕಡೆ ಜೋಳ ಕಾಯ್ದಿಡಲು ನೆಲದಡಿ ಹಗೇವು ತೋಡುತ್ತಿದ್ದರು. ಎಷ್ಟೋ ಹಗೇವುಗಳು ಬಾಯಿ ಮುಚ್ಚಿಸಿಕೊಂಡು ಮರೆತುಹೋಗಿವೆ. ಮೇಲೆ ಯಾರೋ ಫರಸಿ ಹಾಕಿದ್ದಾರೆ, ಇನ್ನಾರೋ ಕಾಂಕ್ರೀಟು ಹಾಕಿದ್ದಾರೆ. ಅಡಿಯಲ್ಲಿ ಆಳೆತ್ತರದ ಪೊಳ್ಳು. ಹಳೆಯ ಪಾಯಖಾನೆಯ ಗುಂಡಿಯದೂ ಇದೇ ಕತೆ. ಹಿರಿಯರನ್ನು ಕೇಳಿ, ಸುತ್ತ ಹಗ್ಗ ಕಟ್ಟಿ ಮಕ್ಕಳನ್ನು ದೂರ ಇಡಿ, ಬದಿಯಿಂದ ಒಡೆದು ನೋಡಿ. ಒಡೆದ ಮೇಲೂ ಒಳಗೆ ಇಳಿಯುವ ಧೈರ್ಯ ಬೇಡ. ಮುಚ್ಚಿಟ್ಟ ಹಗೇವಿನಲ್ಲಿ, ಪಾಯಖಾನೆ ಗುಂಡಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವರು ಮೇಲೆ ಬಾರದ ಪ್ರಸಂಗಗಳಿವೆ.

ಮೊದಲು ನೀರು ಹಿಡಿಯಿರಿ

ಯಾವ ಕಾರಣವಿದ್ದರೂ ಕೈಜೋಡಿಸುವ ಖಳನಾಯಕ ಒಬ್ಬನೇ, ನೀರು. ಮಾಳಿಗೆಯಿಂದ ಇಳಿಯುವ ಪೈಪು ಗೋಡೆಯ ಬುಡದಲ್ಲೇ ನೀರು ಬಿಡುತ್ತಿದೆಯೇ ನೋಡಿ. ಬಟ್ಟೆ ಒಗೆಯುವ ಕಟ್ಟೆಯ ನೀರು, ಬಚ್ಚಲ ಮೋರಿಯ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಸಂಪಿನ ನೀರಿಗೆ ರಾತ್ರಿ ಮಲಗುವಾಗ ಒಂದು ಗುರುತು ಹಾಕಿ, ಪಂಪು ಬಂದ್ ಮಾಡಿ, ಬೆಳಗ್ಗೆ ಇಳಿದಿದೆಯೇ ನೋಡಿ. ಮೀಟರಿದ್ದವರು ಎಲ್ಲ ನಳ ಬಂದ್ ಮಾಡಿ ಮುಳ್ಳು ತಿರುಗುತ್ತದೆಯೇ ಗಮನಿಸಿ. ಇಷ್ಟಕ್ಕೆ ಯಾವ ಇಂಜಿನಿಯರೂ ಬೇಡ.

ನಳದ ನೀರಿನ ಬಗ್ಗೆ ಇನ್ನೊಂದು ಮಾತು. 2008ರ ಸುಮಾರಿಗೆ ಅವಳಿ ನಗರದ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ ದಿನದ 24 ತಾಸೂ ನೀರು ಬಂತು. ವಾರಕ್ಕೊಮ್ಮೆ ನಳ ಬರುವ ಕಾಲದಲ್ಲಿ ಅಂಗಳದಡಿಯ ಪೈಪಿಗೆ ಸಣ್ಣ ತೂತು ಬಿದ್ದಿದ್ದರೆ ಅದು ಸೋರುವುದೂ ವಾರಕ್ಕೆರಡು ತಾಸು. ಆಮೇಲೆ ಮಣ್ಣು ಒಣಗುತ್ತಿತ್ತು. ಹಗಲು ರಾತ್ರಿ ಒತ್ತಡದಲ್ಲಿ ನೀರಿದ್ದರೆ ಸೋರಿಕೆಯೂ ಹಗಲು ರಾತ್ರಿ. ನೀರು ಬಂದ ಸಂತೋಷದಲ್ಲಿ ಹಳೆಯ ತುಕ್ಕು ಹಿಡಿದ ಪೈಪನ್ನು ಹಾಗೇ ಬಿಟ್ಟವರ ಅಂಗಳದ ಗತಿ ಏನಾದೀತು, ನೀವೇ ಯೋಚಿಸಿ.

ಸೋರಿಕೆ ನಿಲ್ಲಿಸದೆ, ಮಾಳಿಗೆಯ ಪೈಪನ್ನು ಗಟಾರದವರೆಗೆ ಒಯ್ಯದೆ ಅಂಗಳಕ್ಕೆ ಕೈ ಹಾಕುವುದು ವ್ಯರ್ಥ. ಎಷ್ಟೋ ಮನೆಗಳಲ್ಲಿ ಈ ಹತ್ತು ಅಡಿ ಪೈಪು ಹಾಕಿದರೇ ಕುಸಿತ ಮುಂದುವರಿಯುವುದು ನಿಂತುಹೋಗುತ್ತದೆ.

ಒಡೆಯುವುದೋ, ಎತ್ತುವುದೋ?

ಹಾರೆಯ ಹಿಡಿಕೆಯಿಂದ ಅಂಗಳವನ್ನು ಅಲ್ಲಲ್ಲಿ ಕುಟ್ಟಿ ನೋಡಿ. ಗಟ್ಟಿ ಇದ್ದಲ್ಲಿ 'ಟಣ್' ಎನ್ನುತ್ತದೆ, ಪೊಳ್ಳಿದ್ದಲ್ಲಿ ಡೋಲಿನ ಹಾಗೆ 'ಧಬ್' ಎನ್ನುತ್ತದೆ. ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಗುರುತಿನಾಚೆ ಒಂದು ಅಡಿ ಸೇರಿಸಿ ಅಷ್ಟನ್ನೇ ಒಡೆದರೆ ಸಾಕು. ಇಡೀ ಅಂಗಳ ಒಡೆಯಬೇಕೆನ್ನುವ ಕಂತ್ರಾಟದಾರನ ಮಾತನ್ನು ಸುಮ್ಮನೆ ಒಪ್ಪಬೇಕಾಗಿಲ್ಲ.

ದಾರಿಯ ಹಾಸು ತುಂಡು ತುಂಡಾಗಿ ಹಾಕಿದ್ದಾಗಿದ್ದು, ತುಂಡು ಒಡೆಯದೆ ಬರೀ ವಾಲಿದ್ದರೆ ಒಡೆಯುವುದೇ ಬೇಡ. ಮೂರಡಿ ಚೌಕದ, ನಾಲ್ಕಿಂಚು ದಪ್ಪದ ತುಂಡಿನ ತೂಕ ಸುಮಾರು ಎರಡು ಕ್ವಿಂಟಾಲು. ನಾಲ್ಕು ಜನ, ಎರಡು ಹಾರೆ, ಬೇಕಾದರೆ ಕಾರಿನ ಜಾಕು. ಒಂದು ಬದಿ ಎತ್ತಿ, ಕೂಡಲೇ ಕಲ್ಲು ಕೊಟ್ಟು ನಿಲ್ಲಿಸಿ, ಕ್ರಶರಿನ ಪುಡಿ ಅಥವಾ ಸಣ್ಣ ಗರಸನ್ನು ಕೋಲಿನಿಂದ ತುರುಕಿ ಬಿಗಿ ಮಾಡಿ ಇಳಿಸಬೇಕು. ಕಲ್ಲು ಕೊಡುವ ತನಕ ಅಡಿಗೆ ಕೈ ಹಾಕಬಾರದು. ಬೆರಳು ಹೋದರೆ ಅಂಗಳ ಯಾರಿಗೆ ಬೇಕು?

ಅಮೆರಿಕದಂಥ ಕಡೆ ದೊಡ್ಡ ಹಾಸನ್ನೂ ಒಡೆಯದೆ ಎತ್ತುತ್ತಾರೆ. ಹಾಸಿಗೆ ಒಂದೂವರೆ ಎರಡು ಇಂಚಿನ ತೂತು ಕೊರೆದು, ಮಣ್ಣು-ಸಿಮೆಂಟಿನ ರಾಡಿಯನ್ನು ಪಂಪಿನಿಂದ ಒತ್ತಿ, ಅಡಿಯ ಪೊಳ್ಳು ತುಂಬಿಸಿ ಮೇಲೆತ್ತುವುದು. ಈಗೀಗ ಉಬ್ಬುವ ರಾಸಾಯನಿಕ ನೊರೆಯಿಂದಲೂ ಎತ್ತುತ್ತಾರೆ. ನಮ್ಮಲ್ಲೂ ಅಣೆಕಟ್ಟು, ಸುರಂಗದ ಕೆಲಸದವರಿಗೆ ಸಿಮೆಂಟು ರಾಡಿ ಒತ್ತುವುದು ಗೊತ್ತಿರುವ ವಿದ್ಯೆ. ಆದರೆ ಹತ್ತು ಅಡಿ ಅಂಗಳಕ್ಕೆ ಆ ಯಂತ್ರ ಕರೆಸುವುದು ನೊಣ ಹೊಡೆಯಲು ತೋಪು ತಂದಂತೆ. ಮೇಲಾಗಿ ಎರೆಗೆ ರಾಡಿಯ ನೀರು ತಾಗಿದರೆ ಅದು ತಾನೂ ಒಂದಿಷ್ಟು ಉಬ್ಬುತ್ತದೆ. ಚೂರು ಚೂರಾದ ಹಾಸಿಗಂತೂ ಈ ವಿದ್ಯೆ ನಡೆಯುವುದಿಲ್ಲ. ದೊಡ್ಡ ಗೋದಾಮು, ಕಾರ್ಖಾನೆ ಇದ್ದವರು ಬೇಕಾದರೆ ವಿಚಾರಿಸಲಿ.

ಒಡೆದು ಮಾಡುವವರಿಗೆ

ಒಡೆದ ಮೇಲೆ ಸಡಿಲು ಮಣ್ಣು, ಕಸ ಎಲ್ಲ ತೆಗೆಯಬೇಕು. ಗಟ್ಟಿ ನೆಲ ಸಿಗುವ ತನಕ. ಎರೆ ಇದ್ದಲ್ಲಿ ಕನಿಷ್ಠ ಒಂದೂವರೆ ಎರಡು ಅಡಿ ತೆಗೆದು ಹೊರಗೆ ಹಾಕುವುದು ಕ್ಷೇಮ. ಆದರೆ ಗೋಡೆಯ ಬದಿಯಲ್ಲಿ ಬುನಾದಿಯ ತಳಕ್ಕಿಂತ ಕೆಳಗೆ ಹೋಗಬಾರದು, ಗೋಡೆಯ ಗುಂಟ ಉದ್ದಕ್ಕೂ ಒಂದೇ ದಿನ ತೋಡಬಾರದು. ನಾಲ್ಕು ಅಡಿ ತೋಡಿ, ತುಂಬಿ, ಮುಂದಿನ ನಾಲ್ಕು ಅಡಿ.

ತುಂಬುವುದು ಗರಸಿನಿಂದ. ಒಮ್ಮೆಲೇ ಸುರಿದು ಮೇಲೆ ನಾಲ್ಕು ಏಟು ಹೊಡೆದರೆ ಮೇಲಿನ ಅರ್ಧ ಅಡಿ ಗಟ್ಟಿಯಾದೀತು, ಅಡಿಯದು ಹಾಗೇ ಸಡಿಲು. ಆರು ಇಂಚು ಹರಡಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಯಬೇಕು. ಮತ್ತೆ ಆರು ಇಂಚು. ನೀರು ಎಷ್ಟು? ಒಂದು ಮುಷ್ಟಿ ಗರಸು ಹಿಸುಕಿದರೆ ಉಂಡೆಯಾಗಬೇಕು, ಎದೆಯೆತ್ತರದಿಂದ ಬಿಟ್ಟರೆ ಒಡೆಯಬೇಕು. ಉಂಡೆಯೇ ಕಟ್ಟದಿದ್ದರೆ ನೀರು ಕಡಿಮೆ, ನೆಲಕ್ಕೆ ಪಚ್ಚೆಂದು ಅಂಟಿಕೊಂಡರೆ ಹೆಚ್ಚು. ಇಡೀ ಕೆಲಸದ ಜೀವ ಇಲ್ಲಿದೆ. ಗೌಂಡಿಗಳು ಅವಸರ ಮಾಡುವುದೂ ಇಲ್ಲಿಯೇ. ಮನೆಯವರು ಕುರ್ಚಿ ಹಾಕಿಕೊಂಡು ಕೂರಬೇಕಾದದ್ದು ಕಾಂಕ್ರೀಟು ಹಾಕುವ ದಿನವಲ್ಲ, ಗರಸು ತುಂಬುವ ದಿನ. ದಿಮ್ಮಸು ಹೊಡೆಯುವ ಪೆಟ್ರೋಲ್ ಯಂತ್ರ ಬಾಡಿಗೆಗೆ ಸಿಗುತ್ತದೆ, ಅರ್ಧ ದಿನಕ್ಕೆ ತಂದರೆ ನಾಲ್ಕಾಳಿನ ಕೆಲಸ.

ಗರಸು ದೂರ ಎನ್ನುವವರು ಎರೆಗೇ ಸುಣ್ಣ ಬೆರೆಸಬಹುದು. ತೂಕದಲ್ಲಿ ನೂರಕ್ಕೆ ನಾಲ್ಕೈದು ಪಾಲು ಅರಳಿದ ಸುಣ್ಣ ಬೆರೆತರೆ ಉಬ್ಬುವ ಚಟ ಬಹಳ ಮಟ್ಟಿಗೆ ಬಿಡುತ್ತದೆ. ರಸ್ತೆ ಮಾಡುವವರು ಬಳಸುವ ಪದ್ಧತಿ ಇದು. ಆದರೆ ಹೆಂಟೆ ಒಡೆದು ಪುಡಿ ಮಾಡಿ ಬೆರೆಸುವುದು ಬೆವರಿನ ಕೆಲಸ. ನನ್ನನ್ನು ಕೇಳಿದರೆ, ಟ್ರಾಕ್ಟರ್ ಬಾಡಿಗೆ ಕೊಟ್ಟು ಗರಸೇ ತರಿಸಿ.

ಅದರ ಮೇಲೆ ಕಾಂಕ್ರೀಟು. ಒಂದು ಪಾಲು ಸಿಮೆಂಟು, ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿ. ಹತ್ತು ಅಡಿ ಚೌಕಕ್ಕೆ ನಾಲ್ಕು ಇಂಚು ದಪ್ಪ ಹಾಕಿದರೆ ಆರು ಚೀಲ ಸಿಮೆಂಟು ಹಿಡಿಯುತ್ತದೆ. ಕಾರು ನಿಲ್ಲುವುದಾದರೆ ಐದು ಇಂಚು ಬೇಕು. ಒಂದು ಚೀಲಕ್ಕೆ 25ರಿಂದ 28 ಲೀಟರ್ ನೀರು ಸಾಕು. ಅಂಬಲಿಯಂತೆ ತೆಳ್ಳಗೆ ಮಾಡಿದರೆ ಹರಡಲು ಸುಲಭ, ಒಣಗಿದ ಮೇಲೆ ಸೀಳು. "ಸಳಿ ಹಾಕಿದ್ರ ಕುಸಿಯಾಂಗಿಲ್ರಿ" ಎಂದು ಕೆಲವರು ಕಬ್ಬಿಣ ಮಾರುತ್ತಾರೆ. ಸಳಿ ಸೀಳನ್ನು ಹಿಡಿದಿಟ್ಟೀತು, ಅಡಿಯಲ್ಲಿ ಇಲ್ಲದ ಮಣ್ಣನ್ನು ಎಲ್ಲಿಂದ ತಂದೀತು?

ಇಳಿಜಾರು ಗೋಡೆಯಿಂದ ಹೊರಗೆ, ಅಡಿಗೆ ಕಾಲು ಇಂಚು. ಹತ್ತು ಅಡಿಗೆ ಎರಡೂವರೆ ಇಂಚು ಇಳಿಯಬೇಕು. ಗೋಡೆಗೂ ಹಾಸಿಗೂ ನಡುವೆ ಅರ್ಧ ಇಂಚು ಸಂದಿ ಬಿಟ್ಟು ಡಾಂಬರು ತುಂಬಿ. ಹಾಸು ತನ್ನಷ್ಟಕ್ಕೆ ತಾನು ಅಲುಗಲಿ, ಗೋಡೆಯನ್ನು ಎಳೆಯುವುದು ಬೇಡ, ನೀರೂ ಇಳಿಯುವುದು ಬೇಡ. ದೊಡ್ಡ ಅಂಗಳವಾದರೆ ಎಂಟು ಹತ್ತು ಅಡಿಗೊಂದು ಗೆರೆ, ಒಂದು ಇಂಚು ಆಳ. ಹೇಗೂ ಸೀಳುವ ಕಾಂಕ್ರೀಟು ನಾವು ಹೇಳಿದ ಕಡೆ ಸೀಳಲಿ. ಇಂದು ಪೇಟೆಯಲ್ಲಿ ಸಿಗುವ ಸಿಮೆಂಟು ಹೆಚ್ಚಾಗಿ ಬೂದಿ ಬೆರೆತ ಪಿಪಿಸಿ ಜಾತಿಯದು, ಅದಕ್ಕೆ ಹತ್ತು ದಿನ ನೀರು ಹಿಡಿಯಲೇಬೇಕು. ಒದ್ದೆ ಗೋಣಿಚೀಲ ಹೊದಿಸಿದರೆ ನೀರೂ ಉಳಿತಾಯ.

ಫರಸಿಯ ಜಾಣತನ

ಇಷ್ಟೆಲ್ಲ ಹೇಳಿದ ಮೇಲೆ, ನೆಲ ನಂಬಿಕೆಯದಲ್ಲದಿದ್ದರೆ ಕಾಂಕ್ರೀಟೇ ಯಾಕೆ ಎಂಬ ಪ್ರಶ್ನೆಯೂ ಇದೆ. ಕಲಬುರಗಿ ಜಿಲ್ಲೆಯ ಶಹಾಬಾದದ ಫರಸಿಯನ್ನು ನಮ್ಮ ಹಿರಿಯರು ಗರಸು-ಉಸುಕಿನ ಮೇಲೆ ಹಾಸುತ್ತಿದ್ದರು. ಒಂದು ಕಲ್ಲು ತಗ್ಗಿತೋ, ಹಾರೆಯಿಂದ ಎಬ್ಬಿಸಿ, ಬುಟ್ಟಿ ಉಸುಕು ಹಾಕಿ, ಮತ್ತೆ ಅದನ್ನೇ ಕೂರಿಸಿದರೆ ಮುಗಿಯಿತು. ಒಡೆಯುವುದಿಲ್ಲ, ಚೀಲ ಸಿಮೆಂಟಿಲ್ಲ, ಅಡಿಯ ಪೈಪು ರಿಪೇರಿಗೂ ಅನುಕೂಲ. ಈಗಿನ ಕಾಲದ ಸಿಮೆಂಟು ಪೇವರ್ ಬ್ಲಾಕುಗಳೂ ಇದೇ ಜಾತಿಯವು. ನಡೆಯುವ ದಾರಿಗೆ, ಬೈಕಿಗೆ 60 ಮಿಲಿಮೀಟರ್ ದಪ್ಪದ್ದು, ಸರಕಿನ ಗಾಡಿ ಬರುವಲ್ಲಿ 80 ಮಿಲಿಮೀಟರಿನದು. ಆದರೆ ಸಂದಿಯಲ್ಲಿ ನೀರು ಇಳಿಯುತ್ತದೆಂಬ ನೆನಪಿರಲಿ. ಆದ್ದರಿಂದ ಅಡಿಯ ಗರಸಿಗೇ ಇಳಿಜಾರು ಕೊಟ್ಟಿರಬೇಕು, ಎರೆಯ ಮೇಲೆ ನೇರವಾಗಿ ಹಾಸಿದರೆ ಒಂದು ಮಳೆಗೆ ಅಲೆಅಲೆ!

ಅಂಗಡಿಯ ಮುಂದಿನ ಹಾಸು

ಇನ್ನು ಬೈಯುವ ಪ್ರಸಂಗ. ಅಂಗಡಿಕಾರರ ಹಾಸು ಕುಸಿಯುವುದು ಹೆಚ್ಚಾಗಿ ಅವರ ತಪ್ಪಿನಿಂದಲ್ಲ. ನೀರಿನ ಪೈಪಿಗೆ, ಒಳಚರಂಡಿಗೆ, ಕೇಬಲ್ಲಿಗೆ, ಗ್ಯಾಸಿಗೆ ಎಂದು ಒಬ್ಬರಾದ ಮೇಲೆ ಒಬ್ಬರು ಅಂಗಡಿ ಮುಂದೆ ತಗ್ಗು ತೋಡುತ್ತಾರೆ. ಸಂಜೆ ಅದೇ ಸಡಿಲು ಎರೆಯನ್ನು ಜೇಸಿಬಿಯಿಂದ ದೂಡಿ, ಬಕೆಟ್ಟಿನ ಬೆನ್ನಿನಿಂದ ಎರಡು ಗುದ್ದು ಗುದ್ದಿ ಹೋಗುತ್ತಾರೆ. ಮುಂದಿನ ಮಳೆಗೆ ತಗ್ಗಿನ ಗುಂಟ ಹಾಸು ಕೂರುತ್ತದೆ. ಗಿರಾಕಿ ಮುಗ್ಗರಿಸುತ್ತಾನೆ, ಬಸ್ಸಿಗೆ ಓಡುವವರು ಕೆಸರಿಗೆ ಕಾಲಿಡುತ್ತಾರೆ, ಬೈಗುಳ ಮಾತ್ರ ಅಂಗಡಿಕಾರನಿಗೆ.

ಒಂದು ಮಾತು ಅಂಗಡಿಕಾರರಿಗೂ ಹೇಳಬೇಕು. ಗಟಾರದ ಮೇಲೆ, ಫುಟ್‌ಪಾತಿನ ಮೇಲೆ ನಾವು ಹಾಕಿದ ಹಾಸು ನಮ್ಮದಲ್ಲ. ಅದು ರಸ್ತೆಯ ಜಾಗ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದ್ದನ್ನು ಪಾಲಿಕೆ ತೆಗೆಸಬಹುದು. ಗಟಾರವನ್ನು ಪೂರ್ತಿ ಕಾಂಕ್ರೀಟಿನಿಂದ ಮುಚ್ಚಿದರೆ ಹೂಳು ತೆಗೆಯಲಾಗದೆ, ನೀರು ಕಟ್ಟಿ, ಅದೇ ನೀರು ಹಾಸಿನ ಅಡಿಗೆ ನುಗ್ಗುತ್ತದೆ. ಎತ್ತಬಹುದಾದ ತುಂಡು ಚಪ್ಪಡಿ ಹಾಕಿದರೆ ಇಬ್ಬರಿಗೂ ಅನುಕೂಲ.

ಆದರೆ ತೋಡಿದವರು ಮೊದಲಿದ್ದಂತೆ ಮಾಡಿಕೊಡಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ತೋಡುವ ಮೊದಲೇ ಹಾಸಿನ ಫೋಟೋ ತೆಗೆದಿಟ್ಟುಕೊಳ್ಳಿ, ತಾರೀಖು ಇರಲಿ. ಯಾವ ಇಲಾಖೆಯ ಕೆಲಸ, ಯಾರ ಕಂತ್ರಾಟು ಎಂದು ಕೇಳಿ ಬರೆದಿಡಿ. ಪಾಲಿಕೆಯ ವಲಯ ಕಚೇರಿಗೆ ಅರ್ಜಿ ಕೊಡುವುದಾದರೆ ಸಾಲಿನ ನಾಲ್ಕೈದು ಅಂಗಡಿಯವರು ಸೇರಿ ಕೊಡಿ, ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಳ್ಳಿ. ಮುಖ್ಯವಾಗಿ ತಗ್ಗು ತುಂಬುವ ಹೊತ್ತಿಗೆ ಅಂಗಡಿಯಿಂದ ಒಬ್ಬ ಹುಡುಗನನ್ನಾದರೂ ಅಲ್ಲಿ ನಿಲ್ಲಿಸಿ. "ಗರಸು ಎಲ್ಲೈತ್ರಿ? ನೀರ ಹೊಡಿರಿ, ಆಮ್ಯಾಲ ಮಣ್ಣ ಹಾಕ್ರಿ" ಎಂದು ಅವನು ಒಂದೇ ಸಮ ಹೇಳುತ್ತಿರಲಿ. ಎರಡು ಕೊಡ ನೀರು ನೀವೇ ಕೊಟ್ಟರೂ ನಷ್ಟವಿಲ್ಲ.

ಮೇಲೆ ಕಾಂಕ್ರೀಟು ಹಾಕಿಸಲು ಮಾತ್ರ ಅವಸರ ಬೇಡ. ತಗ್ಗಿನ ಮಣ್ಣು ಒಂದು ಮಳೆ ಕಾಣಲಿ. ಅಲ್ಲಿಯ ತನಕ ಗರಸು ಹಾಕಿ ನಾಲ್ಕು ಫರಸಿ ಇಟ್ಟರೆ ಗಿರಾಕಿಗೆ ದಾರಿಯಾಯಿತು. ಮಳೆ ಪೂರ್ತಿ ನಿಂತು, ಎರೆ ಅತ್ತ ರಾಡಿಯೂ ಅಲ್ಲ ಇತ್ತ ಬಿರುಕೂ ಬಿಟ್ಟಿಲ್ಲ ಎನ್ನುವ ಹದ ಬರುವುದು ದೀಪಾವಳಿಯಿಂದ ಸಂಕ್ರಮಣದ ನಡುವೆ. ಆಗ ಗೌಂಡಿಯನ್ನು ಕರೆಯಿರಿ. ಕರೆಯುವ ಮೊದಲು ಟ್ರಾಕ್ಟರಿನವನಿಗೆ ಗರಸು ಹೇಳಿಟ್ಟಿರಿ.